ಅತ್ತಿ ಕಾಲಿಗೆ ಬಿಗಿದ ಸೀರಿಯಂಚು

ಥೂ, ಆ ವಾಸನಿ ನೆನಪಾದ್ರ ಇವತ್ತಿಗೂ ಬಾಯಾಗಿನ ತುತ್ತು ಕೆಳಗಿಳಿಯೂದಿಲ್ಲ. ನಮ್ಮತ್ತಿ ಆದೋನಿಯ ಹತ್ತಿ ಮಿಲ್ಲಿನಾಗ ವಯಸ್ಸೆಲ್ಲಾ ನಿಂತ್ಕೊಂಡೇ ಹತ್ತಿ ಆರಿಸಿದಾಕಿ. ಎಡಗಾಲಿನ ಒಳಮಗ್ಗಲಿಗೆ ನರ ಎರಿಹುಳದಂಗ ಉಬ್ಬಿ ಸುತ್ತಿಕೊಂಡಿದ್ವು. ಆಮ್ಯಾಲ ಕಾಲಗಂಟಿನ ಮ್ಯಾಲ ಹುಣ್ಣಾತು. ಕೀವು, ನೊಣ. ನೋಡಾಕ ಬಂದೋರೆಲ್ಲಾ ಒಂದೊಂದು ಮೆತ್ತಿ ಹೋದ್ರು. ಒಬ್ಬಾಕಿ ಸುಣ್ಣ, ಇನ್ನೊಬ್ಬಾಕಿಯಂತೂ ಕುರಿ ಹಿಕ್ಕಿ ಸುಟ್ಟ ಬೂದಿ! ತೊಳಿಯಾಕ ಮಾತ್ರ ನಾನು.

ಅದಕ್ಕಿಂತ ಹೇಸಿಗಿ ಅಂದ್ರ ಮೊಣಕಾಲ ಕೆಳಗ ಆಕಿ ಬಿಗಿದಿದ್ದ ಹಳೇ ಸೀರಿಯಂಚು. ಹೊಲದಾಗ ಹಾವು-ಚೇಳು ಕಡದ್ರ ನಮ್ಮ ಕಡೆ ಕಡದ ಜಾಗದ ಮ್ಯಾಲ ಬಿಗಿದು ಕಟ್ಟೂದು ರೂಢಿ. ಆಕಿ ಹುಣ್ಣಿಗೂ ಹಂಗ ಕಟ್ಟಿದ್ಲು. "ವಿಷ ಎದಿಗೇರಬಾರದವ್ವಾ" ಅಂತಿದ್ಲು. ಬೆವರು ಕೊಳಿ ಕುಂತು ಅದು ಕರ್ರಗಾಗಿ ಚರ್ಮದಾಗ ಹೂತಿತ್ತು.

ಕಡೀಕ ನಾನ ಆಕಿನ್ನ ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರು ಅದನ್ನ ಕತ್ತರಿಸಿ, "ಎವರಮ್ಮಾ ಇದಿ ಕಟ್ಟಿಂದಿ?" ಅಂತ ತೆಲುಗಿನಾಗ ಗದರಿದ್ರು, ಯಾರವ್ವಾ ಇದನ್ನ ಕಟ್ಟಿದಾಕಿ ಅಂತ. ಕಟ್ಟಿದಾಕಿ ತಲಿ ತಗ್ಗಿಸಿ ಕುಂತಿದ್ಲು. ಆಮ್ಯಾಲ ಬೆರಳಿಟ್ಟು ತೋರಿಸಿದ್ರು. ಈ ದೊಡ್ಡ ರಕ್ತನಾಳ ಪಾದದಾಗ ಹೆಬ್ಬೆರಳಿನ ಕಡೆಯಿಂದ ಹುಟ್ಟಿ, ಕಾಲಿನ ಒಳಮಗ್ಗಲು ಹಿಡಿದು ಮೊಣಕಾಲು ದಾಟಿ, ತೊಡಿ ಸಂದಿನಾಗ ಒಳಗಿನ ನಾಳಕ್ಕ ಕೂಡತೈತಿ. ಗುಂಡಿಗಿಗೆ ವಾಪಸ್ ಹೋಗೋ ರಕ್ತ ಅದು. ನಡುವ ಸಣ್ಣ ಸಣ್ಣ ಬಾಗಿಲದಾವ, ಮ್ಯಾಲಕಷ್ಟ ತೆರಿತಾವ. ನಿಂತು ನಿಂತು ಅವು ಸಡಿಲಾದ್ರ ರಕ್ತ ಕೆಳಗ ಜಾರಿ ಮಡುಗಟ್ಟತೈತಿ, ಚರ್ಮ ಒಡದು ಹುಣ್ಣಾಗತೈತಿ. ಮ್ಯಾಲ ಬಿಗಿದ್ರ ಇದ್ದ ದಾರಿನೂ ಬಂದ್. ಹಿಂಗ ಬಿಟ್ರ ಕಾಲು ಹೋಗತೈತಿ ಅಂದ್ರು.

ಮನಿಗೆ ಬಂದು ಮರುದಿನ ಹುಣ್ಣು ತೊಳಿಯಾಕ ಸೀರಿ ಸರಿಸಿ ನೋಡ್ತೀನಿ, ಮತ್ತ ಇನ್ನೊಂದು ಅಂಚು ಬಿಗಕೊಂಡಾಳ! ನನ್ನ ತಲಿ ಕೆಟ್ಟುಹೋತು.

"ಅತ್ತಿ, ಕಾಲು ಬ್ಯಾಡೇನ್ರಿ ನಿಮಗ? ಈ ಹೇಸಿಗಿ ಬಳಿಯಾಕಿ ನಾನು!" ಅಂತ ಚೀರಿದೆ.

ಆಕಿ ಗ್ವಾಡಿ ಕಡೆ ನೋಡಿಕೊಂತ ಅಂದ್ಲು, "ನಿನ್ನ ಮಾವಗ ಹೊಲದಾಗ ಹಾವು ಕಡದಾಗ ನಾ ಜನರನ್ನ ಕರಿಯಾಕ ಓಡಿದೆ. ಕಟ್ಟಲಿಲ್ಲ. ಬರೋದ್ರಾಗ ಉಸಿರು ನಿಂತಿತ್ತು."

ಹೇಸಿಗಿ ಏನೂ ಕಡಿಮಿ ಆಗಲಿಲ್ಲ, ಸುಳ್ಳು ಯಾಕ ಹೇಳಲಿ. ಮೂಗಿಗೆ ಸೆರಗು ಸುತ್ತಿ, ಅಂಚು ಬಿಚ್ಚಿ ಒಗದೆ, ಹುಣ್ಣು ತೊಳದೆ. ಡಾಕ್ಟರು ಕೊಟ್ಟ ಬ್ಯಾಂಡೇಜ್ ತಗೊಂಡು, ಅವರು ತೋರಿಸಿದಂಗ ಬೆರಳ ಬುಡದಿಂದ ಮ್ಯಾಲ ಮ್ಯಾಲಕ ಸುತ್ತಿಕೊಂತ ಬಂದೆ.

"ಕಟ್ಟಬ್ಯಾಡ ಅಂದಿಲ್ಲ ಅವರು. ಕೆಳಗಿಂದ ಕಟ್ಟು ಅಂದಾರ. ಇದು ವಿಷ ಅಲ್ರಿ, ಎದಿಗೆ ಹೋಗಬೇಕಾದ ರಕ್ತ," ಅಂದೆ.

ಆಕಿ ನನ್ನ ಕೈನೇ ನೋಡ್ತಿದ್ಲು.

"ಗಟ್ಟಿ ಕಟ್ಟವ್ವಾ," ಅಂದ್ಲು. "ಅವತ್ತು ಹೊಲದಾಗ ನೀ ಇರಬೇಕಿತ್ತು."