ದಸ್ತಗೀರ ಸರ್ ಬರೆಯದೆ ಬಿಟ್ಟ ಸಾಲು

ಬೆಲ್ಲದ ಪೆಂಟಿಯಿಂದ ಇಳಿದ ಒಂದು ಹನಿ ಕಪಾಟಿನ ಮೇಲಿನ ಹಲಗೆಯ ಅಂಚಿಗೆ ಬಂದು ನಿಂತಿತ್ತು. ಅದು ಉದ್ದವಾಗಿ, ತೆಳ್ಳಗಾಗಿ, ಕೆಳಗಿನ ಹಲಗೆಯನ್ನು ಮುಟ್ಟುವವರೆಗೆ ದಸ್ತಗೀರ ಸರ್ ಚಹಾದ ಬಸಿ ಹಿಡಿದುಕೊಂಡೇ ಕುಳಿತಿದ್ದರು. ಚಹಾದ ಮೇಲೆ ಕೆನೆ ಕಟ್ಟಿತು. ಹನಿ ಮುಟ್ಟಿದ ಮೇಲೆ ಬಸಿ ಕೆಳಗಿಟ್ಟು, ನೋಟ್‌ಬುಕ್ ತೆರೆದು, ಜಿನುಗುವುದಕ್ಕೆ ಇರುವ 'ಊಜ್' ಎಂಬ ಇಂಗ್ಲಿಷ್ ಪದದ ಎದುರು ಬರೆದರು: 'ನಮ್ಮ ಮನೆಯ ಬೆಲ್ಲ. ಮಳೆಗಾಲ.'

"ಅದನ್ನ ಒರಸಿ ಬಿಡ್ರಿ ಈಗ, ಇರುವಿ ಬರತಾವು," ಎಂದರು ಒಳಗಿನಿಂದ ಅವರ ಹೆಂಡತಿ. ನಾವು ವಿದ್ಯಾರ್ಥಿಗಳೆಲ್ಲ ಅವರನ್ನು ಚಾಚಿ ಎನ್ನುತ್ತಿದ್ದೆವು.

"ಬರ್ಲಿ ಬಿಡು. ಇರುವಿಗೂ ಒಂದ್ ಶಬ್ದ ಬಾಕಿ ಐತಿ."

ತೊಂಬತ್ತರ ದಶಕದ ನಡುವಿನಲ್ಲಿ ಅವರು ಕಿತ್ತೂರಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಆ ನೋಟ್‌ಬುಕ್ಕಿನಲ್ಲಿ ಇದ್ದದ್ದು ಒಂದೇ ಬಗೆಯ ಪದಗಳು: ತೆವಳುವುದು, ನುಸುಳುವುದು, ಜಿನುಗುವುದು, ಸದ್ದಿಲ್ಲದೆ ಸರಿಯುವುದು. ಇಷ್ಟಕ್ಕೆಲ್ಲ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಿವೆ ಎಂದು ಅವರಿಗೆ ಯಾವಾಗ ಗೊತ್ತಾಯಿತೋ, ಅಂದಿನಿಂದ ಒಂದೊಂದನ್ನೂ ಹುಡುಕುತ್ತ ಹೊರಟಿದ್ದರು. ಎಡಕ್ಕೆ ಪದ, ಬಲಕ್ಕೆ ಅದನ್ನು ಕಂಡ ಜಾಗ. ಹೊಂಚಿ ಹಿಂಬಾಲಿಸುವುದಕ್ಕೆ 'ಸ್ಟಾಕ್: ಕೋಟೆಯ ಗೋಡೆ, ಗುಬ್ಬಿಯ ಹಿಂದೆ ಕರಿ ಬೆಕ್ಕು.' 'ಇಂಚ್: ಹೈವೇ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್.' ಕಾಣದ ಪದದ ಎದುರು ಜಾಗ ಖಾಲಿ.

"ಕಣ್ಣಿಲೆ ನೋಡಿದ್ದಷ್ಟ ಬರೀಬೇಕು," ಎನ್ನುತ್ತಿದ್ದರು. "ಡಿಕ್ಷನರಿ ಅಂದ್ರ ಬ್ಯಾರೇ ಯಾರೋ ನೋಡಿದ್ದು. ಓಡೋದು, ಜಿಗಿಯೋದು ಎಲ್ಲಾರ ಕಣ್ಣಿಗೂ ಬೀಳತಾವು. ನಿಧಾನಂದು ಕಾಣಬೇಕಂದ್ರ ಒಂದ್ ಕಡೆ ಕುಂದರಬೇಕು."

ಒಮ್ಮೆ ಬೈಲಹೊಂಗಲದಿಂದ ಬರುವಾಗ ಬಸ್ಸಿನಲ್ಲಿ ಅವರ ಪಕ್ಕದ ರೈತರೊಬ್ಬರು, ನಿಂತಿದ್ದ ಮುದುಕಿಗೆ ಜಾಗ ಕೊಡಲು ನಾಲ್ಕು ಬೆರಳಿನಷ್ಟು ಸರಿದರು. ಸರ್‌ಗೆ 'ಎಡ್ಜ್', ಅಂದರೆ ತುಸುತುಸುವೇ ಸರಿಯುವುದು, ಸಿಕ್ಕಿತು. ಆದರೆ ಪೂರ್ತಿ ಕಂಡಂತಾಗಲಿಲ್ಲ.

"ಯಜಮಾನ್ರ, ಇನ್ನೊಮ್ಮೆ ಸರೀರಿ, ನೋಡೋಣು."

"ಎಲ್ಲೀ ತನಕ ಸರೀಲ್ರಿ? ಕಿಡಕ್ಯಾಗಿಂದ ಹೊರಗ ಬೀಳ್ಲೇನು?"

ಅದನ್ನು ಬರೆದುಕೊಳ್ಳುವಷ್ಟರಲ್ಲಿ ಕಿತ್ತೂರು ದಾಟಿಹೋಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ನಡೆದು ಬಂದರು. ಮರುದಿನ ಇದನ್ನು ತರಗತಿಗೆ ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ದಣಿವಲ್ಲ, ಲಾಭ.

ನೋಟ್‌ಬುಕ್ ಮೇಜಿನ ಮೇಲೇ ಇರುತ್ತಿತ್ತು. ಬಿಡುವಿನ ವೇಳೆಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ವರ್ಷ ಮುಗಿಯುವ ಹೊತ್ತಿಗೆ ಖಾಲಿ ಉಳಿದದ್ದು ಒಂದೇ ಸಾಲು, 'ಸೈಡಲ್'. ಯಾರ ಕಣ್ಣಿಗೂ ಬೀಳಬಾರದೆಂದು ಅಳುಕುತ್ತ, ಓರೆಯಾಗಿ ಸರಿಯುವುದು. ನಮ್ಮ ತರಗತಿಯ ಈರಪ್ಪ ಗೋಡೆಗೆ ಬೆನ್ನು ಹಚ್ಚಿ ಏಡಿಯ ಹಾಗೆ ನಡೆದು ತೋರಿಸಿದ. ಎಲ್ಲರೂ ನಕ್ಕರು.

"ನಾಟಕ ಬ್ಯಾಡೋ ಈರಪ್ಪಾ," ಎಂದರು ಸರ್. "ಮಾಡಾವಂಗ ಗೊತ್ತಿರಬಾರದು. ಆವಾಗ ಅದು ಖರೇ."

ನಾನು ದೇಗಾಂವದಿಂದ ಬರುತ್ತಿದ್ದೆ. ಬಸ್ಸು ದಿನವೂ ಹತ್ತು ನಿಮಿಷ ತಡ. ಹಾಜರಿ ಮುಗಿದ ಮೇಲೆ ಹಿಂಬಾಗಿಲಿನಿಂದ ಒಳಗೆ ಬಂದು, ಚೀಲವನ್ನು ಎದೆಗೆ ಒತ್ತಿಕೊಂಡು, ಗೋಡೆಗುಂಟ ನನ್ನ ಜಾಗಕ್ಕೆ ಹೋಗುತ್ತಿದ್ದೆ. ಅಷ್ಟೂ ಹೊತ್ತು ಸರ್ ನಮಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಏನನ್ನೋ ಬರೆಯುತ್ತಿದ್ದರು. ನಾನು ಕುಳಿತ ಮೇಲೆ ತಿರುಗುತ್ತಿದ್ದರು. ಅವರು ನನ್ನನ್ನು ನೋಡುವುದಿಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆಯ ಮೇಲೆಯೇ ಶಾಲೆ ಮುಗಿಸಿದೆ.

ಮುಂದೆ ಧಾರವಾಡದಲ್ಲಿ ಎಂ.ಎ. ಮಾಡಿ, ಸವದತ್ತಿಯ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದೆ. ಎರಡನೆಯ ವರ್ಷ ಚಾಚಿ ಫೋನ್ ಮಾಡಿದರು. ಸಕ್ಕರೆ ಕಾಯಿಲೆಯಿಂದ ಸರ್ ಅವರ ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಸುಕಾಗುತ್ತ ನಡೆದಿತ್ತು. "ಡಾಕ್ಟರ್ ಇನ್ನೊಂದ್ ತಿಂಗಳಷ್ಟ ಕಾಣತೈತಿ ಅಂದಾರವಾ. ಅವರಿಗೆ ಕಣ್ಣಿಂದು ಚಿಂತಿ ಇಲ್ಲ, ಆ ಬುಕ್ಕಿಂದ ಚಿಂತಿ. ಒಂದ್ ಸಲ ಬಂದ್ ಹೋಗು."

ಶನಿವಾರ ಹೋದೆ. ಸರ್ ಕಿಟಕಿಯ ಬಳಿ ಕುಳಿತಿದ್ದರು. ನನ್ನಿಂದ ಪಟ್ಟಿಯನ್ನು ಮೊದಲಿನಿಂದ ಓದಿಸಿದರು. ಟ್ರ್ಯಾಕ್ಟರಿನ ಸಾಲು ಬಂದಾಗ ನಕ್ಕರು. ಖಾಲಿ ಸಾಲಿಗೆ ಬಂದು ನಾನು ನಿಂತೆ. ಹೇಳಲು ಒಂದು ಉದಾಹರಣೆ ಸಿದ್ಧ ಮಾಡಿಕೊಂಡು ಹೋಗಿದ್ದೆ.

"ಸರ್, ಮಲಪ್ರಭಾ ದಂಡಿಗೆ ಏಡಿ ನೋಡೇನ್ರಿ. ಅದನ್ನ ಬರೀರಿ."

"ನೀ ನೋಡಿದಿ. ನಾ ನೋಡಿಲ್ಲಲ್ಲ."

"ಅವರೂ ನೋಡ್ಯಾರವಾ," ಎಂದರು ಚಾಚಿ, ಅಕ್ಕಿ ಆರಿಸುತ್ತ. "ಒಂದ್ ವರ್ಷ ದಿನಾ ನೋಡ್ಯಾರ."

"ನೀ ಸುಮ್ಕಿರು."

"ಎಷ್ಟ್ ವರ್ಷ ಸುಮ್ಕಿರಬೇಕ್ರಿ? ನೀವಂತೂ ಹೇಳಾಂಗಿಲ್ಲ."

ಸರ್ ನನ್ನ ಕಡೆಗೆ ತಿರುಗಿದರು. ಸರಿಯಾಗಿ ನನ್ನ ಕಡೆಗಲ್ಲ, ಬೆಳಕಿನ ಕಡೆಗೆ.

"ಮೊದಲನೇ ದಿನಾನ ನೋಡೇನಿ ನೀಲಾ. ಹಿಂದಿನ ಬಾಗಲದಿಂದ ಬಂದಿ, ಗ್ವಾಡಿಗುಂಟ. ಆ ಶಬ್ದಕ್ಕ ಅದಕ್ಕಿಂತ ಚಲೋ ಎಲ್ಲೂ ಸಿಗಲಿಲ್ಲ."

"ಮತ್ತ ಯಾಕ ಬರೀಲಿಲ್ರಿ ಸರ್?"

"ಬರದ್ರ ನಿನ್ನ ಹೆಸರು ಬರೀಬೇಕಾಗತಿತ್ತು. ಇಡೀ ಕ್ಲಾಸ್ ಓದತಿತ್ತು. ಈರಪ್ಪ ಸುಮ್ನ ಬಿಡತಿದ್ದನೇನು? ಮರುದಿನ ನೀ ಸಾಲಿಗೇ ಬರತಿದ್ದಿಲ್ಲ." ಕೈ ಚಾಚಿ ನೋಟ್‌ಬುಕ್ಕಿನ ಅಂಚನ್ನು ಮುಟ್ಟಿದರು. "ಈಗ ಕೇಳತೇನಿ. ಬರೀಲೇನು? ನನ್ನ ಕೈಲೆ ಬರೀಬೇಕು, ಇನ್ನೂ ಅಕ್ಷರ ಕಾಣೋದ್ರಾಗ. ಬ್ಯಾಡಂದ್ರ ಬ್ಯಾಡ. ಹಂಗ ಖಾಲಿ ಇರ್ಲಿ."

ನಾನು ಬಸ್ಸಿನ ನೆಪ ಹೇಳಿ ಎದ್ದೆ. ಅವರು ಒತ್ತಾಯಿಸಲಿಲ್ಲ. ಶಾಲೆಯಲ್ಲಿ ಮಾಡುತ್ತಿದ್ದಂತೆ, ನಾನು ಹೊಸ್ತಿಲು ದಾಟುವವರೆಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಆ ವರ್ಷದ ಕೊನೆಗೆ ಸರ್ ತೀರಿಕೊಂಡರು. ನೋಟ್‌ಬುಕ್ಕನ್ನು ಚಾಚಿ ನನಗೆ ಕೊಟ್ಟಿದ್ದಾರೆ. ಕೊನೆಯ ಕೆಲವು ತಿಂಗಳು ಸರ್‌ಗೆ ಏನೂ ಕಾಣುತ್ತಿರಲಿಲ್ಲವಂತೆ.

ಆ ಶನಿವಾರ ಅವರ ಮನೆಯಿಂದ ಎದ್ದು ಬಂದವಳು ದೇಗಾಂವದಲ್ಲಿ ಅವ್ವನ ಹತ್ತಿರ ಉಳಿದಿದ್ದೆ. ಮರುದಿನ ಮುಂಜಾನೆ ಸವದತ್ತಿಗೆ ಹಿಂತಿರುಗಬೇಕಿದ್ದವಳು ಕಿತ್ತೂರಿಗೇ ಹೋದೆ. ಬಸ್ಸು ಅಂದೂ ಹತ್ತು ನಿಮಿಷ ತಡ. ಚಾಚಿ ಬಾಗಿಲು ತೆರೆದರು. ಸರ್ ಅವರ ಎದುರು ಕುಳಿತು, ಆ ಪುಟವನ್ನು ಬಿಡಿಸಿ, ಅವರ ಎಡಗೈ ಬೆರಳನ್ನು ಖಾಲಿ ಸಾಲಿನ ಮೇಲೆ ಇಟ್ಟೆ. ಬಲಗೈಗೆ ಪೆನ್ನು ಕೊಟ್ಟೆ. ನನ್ನ ಹೆಸರನ್ನು, ಊರಿನ ಹೆಸರನ್ನು, ತರಗತಿಯನ್ನು, ಅವರು ಬರೆದು ಮುಗಿಸುವಷ್ಟು ನಿಧಾನವಾಗಿ ಹೇಳಿದೆ.