ಒಂದು ಕೂದಲೆಳೆ ಮುಂಚೆ

ನಮ್ಮ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಕಿವಿಯಣ್ಣ. ಹಳೆಯ ಮೋಟಾರ್‌ಸೈಕಲ್‌ಗಳ ರಿಪೇರಿ ಅವನ ಕಸುಬು. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಸದ್ದು ಕೇಳಿ, "ಕಾರ್ಬುರೇಟರ್‌ಗೆ ಅಜೀರ್ಣ ಆಗಿದೆ" ಎನ್ನುತ್ತಿದ್ದ. ಹೋದ ತಿಂಗಳು ತೀರಿಕೊಂಡ. ಅವನ ಬಗ್ಗೆ ಬರೆಯಲು ಕುಳಿತರೆ ಅವನ ಕಿವಿಗಿಂತ ಮೊದಲು ಅವನ ಅಕ್ಕನ ಕಾಲು ನೆನಪಾಗುತ್ತದೆ. ಅವನಿಗೂ ಹಾಗೆಯೇ ಆಗುತ್ತಿತ್ತೆಂದು ಕಾಣುತ್ತದೆ.

ಅಂಗಡಿ ಎಂದರೆ ಒಂದು ಶಟರು, ಎರಡು ಗಾಡಿ ನಿಲ್ಲುವಷ್ಟು ಜಾಗ, ಎಣ್ಣೆ ಕುಡಿದು ಕಪ್ಪಾದ ನೆಲ. ಹಿಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ. ಗಂಡ ತೀರಿಕೊಂಡ ಮೇಲೆ ಕೂಸನ್ನು ಎತ್ತಿಕೊಂಡು ತಮ್ಮನ ಮನೆಗೆ ಬಂದವಳು ಅವಳು. ನಡುವೆ ಒಂದು ಪರದೆ. ಅತ್ತ ಎಂಜಿನ್ ಸದ್ದು, ಇತ್ತ ಕಾಲಿನಿಂದ ತುಳಿಯುವ ಯಂತ್ರದ ಸದ್ದು. ಗಿರಾಕಿಗಳಿಲ್ಲದಾಗ ಪರದೆಯ ಎರಡು ಬದಿಯಿಂದ ಜಗಳ.

"ಲೋ, ನಿನ್ನ ಹೊಗೆ ಬಿಳಿ ಬಟ್ಟೆ ಮೇಲೆ ಕೂರ್ತಿದೆ."

"ಕರಿ ಬಟ್ಟೆ ಹೊಲಿ. ಯಾರು ಬೇಡ ಅಂದ್ರು."

ಹಳೆಯ ಗಾಡಿಗಳಲ್ಲಿ ಪೆಟ್ರೋಲಿಗೆ ಬೆಂಕಿ ಹತ್ತಿಸುವ ಕಿಡಿ ಹಾರುವ ಗಳಿಗೆಯನ್ನು ಕೈಯಿಂದಲೇ ಕೂಡಿಸಬೇಕು. ಎಷ್ಟು ಮುಂಚೆ ಹಾರಬೇಕೆನ್ನುವುದಕ್ಕೆ ಎಂಜಿನ್ನಿನೊಳಗೆ ಒಂದು ಗೀಟಿರುತ್ತದೆ. ಉಳಿದ ಮೆಕ್ಯಾನಿಕರು ಪುಟ್ಟ ಬಲ್ಬೊಂದನ್ನು ತಂತಿಗೆ ಸಿಕ್ಕಿಸಿ, ಅದು ಹೊತ್ತಿಕೊಳ್ಳುವುದೂ ಗೀಟು ಕೂಡುವುದೂ ಒಂದೇ ಗಳಿಗೆಗೆ ಆಗುವಂತೆ ನೋಡಿಕೊಳ್ಳುತ್ತಾರೆ. ಕಿವಿಯಣ್ಣನಿಗೆ ಬಲ್ಬೆಂದರೆ ತಾತ್ಸಾರ. ಕಿಡಿ ಹಾರಿಸುವ ಒಳಗಿನ ಪ್ಲೇಟನ್ನು ಗೀಟಿಗಿಂತ ಒಂದು ಕೂದಲೆಳೆ ಮುಂಚೆಗೆ ಸರಿಸಿ, ಕಿವಿಯಲ್ಲೇ ಅಳೆದು ಬಿಗಿ ಮಾಡುತ್ತಿದ್ದ. ಗಾಡಿಗೆ ರೆಕ್ಕೆ ಬಂದಂತಾಗುತ್ತಿತ್ತು. ಅದಕ್ಕೆಂದೇ ಊರಾಚೆಯಿಂದಲೂ ಜನ ಬರುತ್ತಿದ್ದರು. ಆದರೆ ಹಾಗೆ ಇಟ್ಟ ಗಾಡಿ ಕಿಕ್ ಹೊಡೆಯುವಾಗ ಒಮ್ಮೊಮ್ಮೆ ತಿರುಗಿ ಒದೆಯುತ್ತದೆ. ಅವನಿಗೆ ಅದರ ಮರ್ಜಿ ಗೊತ್ತಿತ್ತು. ಒಂದೇ ಏಟಿಗೆ ತುಳಿದು, ಅದು ಸಿಟ್ಟಾಗುವ ಮೊದಲೇ ಕಾಲು ತೆಗೆದಿರುತ್ತಿದ್ದ.

ಮನೆಯ ಗಾಡಿಯನ್ನೂ ಅವನು ತನ್ನ ಕಾಲಿಗೆ ತಕ್ಕಂತೆಯೇ ಇಟ್ಟಿದ್ದ. ಹೊಲಿದ ಬಟ್ಟೆಯ ಗಂಟನ್ನು ಅಂಗಡಿಗಳಿಗೆ ಮುಟ್ಟಿಸಲು ಅದನ್ನು ಓಡಿಸುತ್ತಿದ್ದವಳು ಅಕ್ಕ. ಒಂದು ಬೆಳಿಗ್ಗೆ ಅವಳು ತುಳಿದಾಗ ಕಿಕ್ಕರ್ ಹಿಂದಕ್ಕೆ ಚಿಮ್ಮಿ ಬಲಗಾಲಿನ ಹರಡಿನ ಮೇಲಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಅಕ್ಕನೇ ಹೇಳಿದಳು: "ನಂಗೆ ಒದೆಯೋಕೆ ಬರ್ಲಿಲ್ಲ ಡಾಕ್ಟ್ರೇ. ಮೆಕ್ಯಾನಿಕ್ ಅಕ್ಕ ಆಗಿ ಇದ್ದು ಏನು ಬಂತು." ತಮ್ಮ ಪಕ್ಕದಲ್ಲೇ ನಿಂತಿದ್ದ.

ಅವಳ ಬಟ್ಟೆ ತರಲು ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಗಾಡಿಯ ಮುಚ್ಚಳ ಬಿಚ್ಚಿ ಪ್ಲೇಟನ್ನು ಗೀಟಿಗೆ ಸರಿಯಾಗಿ ಹಿಂದಕ್ಕೆ ತಳ್ಳಿದ್ದು. ಅದನ್ನು ತೆರೆದು ನೋಡುವವರು ಆ ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಹೆಗಲು ಮುಟ್ಟಿ ನೋಡಿಕೊಂಡಿದ್ದ.

ಕಾಲು ಸೊಟ್ಟಗೆ ಕೂಡಿಕೊಂಡಿತು. ಯಂತ್ರ ತುಳಿಯಲು ಆಗಲಿಲ್ಲ. ಅಕ್ಕ ಗುಂಡಿ ಹಚ್ಚುವುದು, ಅಂಚು ಮಡಚುವುದು ಮುಂತಾದ ಕೈಕೆಲಸಕ್ಕೆ ಇಳಿದಳು. ಹೊಲಿಗೆ ಯಂತ್ರ ಇಸ್ತ್ರಿ ಬಟ್ಟೆ ಇಡುವ ಮೇಜಾಯಿತು. ಗಾಡಿ ಒಯ್ಯಲು ಬಂದವರಿಗೆಲ್ಲ ಪರದೆಯಾಚೆಯಿಂದ, "ನೋಡಿ ಒದೀರಪ್ಪ, ನನ್ನ ಹಾಗೆ ಪೆದ್ದುಪೆದ್ದಾಗಿ ಅಲ್ಲ" ಎಂದು ನಗುತ್ತಿದ್ದಳು. ಆಗೆಲ್ಲ ಅವನು ಪೆಟ್ಟಿಗೆಯೊಳಗೆ ತಲೆ ಹಾಕಿ ಸ್ಪ್ಯಾನರ್ ಹುಡುಕುತ್ತಿದ್ದ.

ಪ್ಲೇಟಿನ ಈ ಕಥೆ ಆಗ ನನಗೆ ಗೊತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವನ ಕೈಯ ಗಾಡಿಗಳು ಮಂಕಾಗಿದ್ದು ಮಾತ್ರ ಗೊತ್ತಿತ್ತು. ನನ್ನದರ ಸೈಲೆನ್ಸರ್ ಕಾದು ನೀಲಿಯಾಗಿತ್ತು, ಪ್ಲಗ್ಗು ಮಸಿ ಹಿಡಿದಿತ್ತು.

"ಎತ್ತಿನಗಾಡಿ ಮಾಡಿಟ್ಟಿದ್ದೀಯಲ್ಲೋ" ಎಂದರೆ, "ನಿನ್ನ ವಯಸ್ಸಿಗೆ ಅದೇ ಜೋರು" ಎಂದು ಹಾರಿಸಿಬಿಡುತ್ತಿದ್ದ.

ಒಮ್ಮೆ ಬೇರೆ ಊರಿನಲ್ಲಿ ಗಾಡಿ ನಿಂತಾಗ ಅಲ್ಲಿನ ಮೆಕ್ಯಾನಿಕ್ ಬಲ್ಬು ಹಾಕಿ ನೋಡಿದ. ಕಿಡಿ ಗೀಟು ದಾಟಿ ಬಹಳ ತಡವಾಗಿ ಹಾರುತ್ತಿತ್ತು. ಆ ಮಂಕು ತಿಳಿಯದಿರಲೆಂದು ಪೆಟ್ರೋಲನ್ನು ಹೆಚ್ಚು ಕುಡಿಸಲಾಗಿತ್ತು. "ಇದು ಕೆಲಸ ಬರದೆ ಇಟ್ಟಿದ್ದಲ್ಲ ಸಾರ್, ತಿರುಗಿ ಒದ್ದೀತು ಅಂತ ಹೆದರಿ ಇಟ್ಟಿದ್ದು" ಎಂದ.

ಅದನ್ನೇ ತಮಾಷೆಗೆಂದು ಬಂದು ಕಿವಿಯಣ್ಣನಿಗೆ ಹೇಳಿದೆ. ಅವನು ಕೈ ಒರೆಸಿಕೊಂಡು, ನನ್ನನ್ನು ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಎಲ್ಲವನ್ನೂ ಹೇಳಿದ.

"ಅಕ್ಕನಿಗೆ ಹೇಳಿಬಿಡು" ಎಂದೆ.

"ಹೇಳಿದ್ರೆ ಯಾರಿಗೆ ಹಗುರ ಆಗುತ್ತೆ? ನಂಗೆ. ಅವಳ ಕಾಲಿಗೆ ಏನು ಬಂತು?"

ನಾನು ಓದಿದ್ದೆಲ್ಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಅಕ್ಕನ ಮಗಳು ದೊಡ್ಡವಳಾಗಿ ಕೆಲಸಕ್ಕೆ ಸೇರಿದಳು. ಚಾದರದಡಿ ನಿಂತಿದ್ದ ಮನೆಯ ಗಾಡಿ ಬೇಕೆಂದಳು. ಅವನು ಇಂದು ನಾಳೆ ಎಂದು ಮುಂದೂಡಿದ. ಅಷ್ಟರಲ್ಲಾಗಲೇ ಅವನಿಗೆ ಉಬ್ಬಸ ಶುರುವಾಗಿತ್ತು. ನೆಪಕ್ಕೆ ಅದೂ ಒದಗಿತು. ಕೊನೆಗೆ ಒಂದು ಭಾನುವಾರ ಅಕ್ಕನೇ ಚಾದರ ಎಳೆದು ಹಾಕಿದಳು. ನಾನೂ ಅಲ್ಲಿದ್ದೆ.

"ಸರಿ ಮಾಡಿಕೊಡೋ. ನಾನು ಪಕ್ಕದಲ್ಲಿ ನಿಂತು ಹೇಳಿಕೊಡ್ತೀನಿ. ನಾನು ಮಾಡಿದ ತಪ್ಪು ಇವಳು ಮಾಡಬಾರ್ದಲ್ಲ."

ಅವನು ಎದ್ದುಹೋಗಿ ಎದುರಿನ ಎಲೆಕ್ಟ್ರಿಕ್ ಅಂಗಡಿಯಿಂದ ಪುಟ್ಟ ಬಲ್ಬೊಂದನ್ನು ತಂದ. ತಂತಿಗೆ ಸಿಕ್ಕಿಸಿದ. ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ, ಬಲ್ಬು ಗೀಟಿಗೆ ಸರಿಯಾಗಿ ಹೊತ್ತುವವರೆಗೂ ಪ್ಲೇಟನ್ನು ಅತ್ತಿತ್ತ ಸರಿಸಿದ. ಮತ್ತೆ ಮತ್ತೆ ನೋಡಿದ. ಆಮೇಲೆ ಎಂಜಿನ್ ಎಬ್ಬಿಸಿ ಕಾರ್ಬುರೇಟರಿನ ಸ್ಕ್ರೂವನ್ನು ಒಳಗೆ ತಿರುಗಿಸಿದ, ಎಂಜಿನ್ ಉಸಿರು ಕಟ್ಟಿತು. ಹೊರಗೆ ತಿರುಗಿಸಿದ, ಮುಗ್ಗರಿಸಿತು. ಎರಡರ ನಡುವೆ ಅದು ಹದವಾಗಿ ಓಡುವ ಕಡೆ ನಿಲ್ಲಿಸಿದ. ಒಂದು ಸುತ್ತು ಓಡಿಸಿ ಬಂದು ಪ್ಲಗ್ ಬಿಚ್ಚಿದಾಗ ತುದಿ ಮಸಿಯಿಲ್ಲದೆ ಇಟ್ಟಿಗೆಯ ಬಣ್ಣಕ್ಕಿತ್ತು. ಅದನ್ನು ಹಿಡಿದುಕೊಂಡೇ ಹೇಳಿದ:

"ಅವತ್ತು ತಪ್ಪು ಮಾಡಿದ್ದು ನೀನಲ್ಲ ಅಕ್ಕ. ಟೈಮಿಂಗ್ ನಾನು ಮುಂಚೆ ಇಟ್ಟಿದ್ದೆ. ನಾನಲ್ದೆ ಯಾರು ಒದ್ರೂ ಅದು ಹಂಗೇ ತಿರುಗಿಬೀಳ್ತಿತ್ತು. ಆಮೇಲೆ ಬಂದು ಸರಿ ಮಾಡಿಟ್ಟೆ, ಗೊತ್ತಾಗದೆ ಇರ್ಲಿ ಅಂತ."

ಅಕ್ಕ ಎಳೆದು ಹಾಕಿದ್ದ ಚಾದರವನ್ನು ಎತ್ತಿ ಮಡಚತೊಡಗಿದಳು.

"ಕಾಲು ಹೋದ್ರೆ ಹೋಯ್ತು" ಎಂದಳು. "ಇಷ್ಟು ವರ್ಷ ಬಂದೋರ ಮುಂದೆಲ್ಲ ನನ್ನನ್ನ ನಾನೇ ಪೆದ್ದಿ ಅಂತಿದ್ನಲ್ಲ. ನೀನು ಕೇಳಿಸ್ಕೊಂಡು ಕೂತಿದ್ಯಲ್ಲ."

ಅಂದಿನಿಂದ ಅವನೊಡನೆ ಮಾತು ಬಿಟ್ಟಳು. ಪರದೆ ಇದ್ದಲ್ಲೇ ಇತ್ತು, ಜಗಳ ನಿಂತಿತು. ಊಟ ಮಗಳ ಕೈಯಲ್ಲಿ ಬರುತ್ತಿತ್ತು. ಅವನು ಬಂದ ಗಾಡಿಗಳಿಗೆಲ್ಲ ಈಗ ಗೀಟಿಗೆ ಸರಿಯಾಗಿ ಕಿಡಿ ಇಡುತ್ತಿದ್ದ. ನನ್ನದೂ ಹಗುರವಾಗಿ ಓಡತೊಡಗಿತು. ಅವನು ಮಾತ್ರ ದಿನದಿನಕ್ಕೆ ಕುಗ್ಗಿದ. ಉಬ್ಬಸ ಜೋರಾಗಿ ಆಸ್ಪತ್ರೆ ಸೇರಿದ.

ಅಕ್ಕ ಬಂದಳು. ಕಾಲೆಳೆಯುತ್ತ ಹೋಗಿ ಮಂಚದ ಪಕ್ಕ ಕುಳಿತು, ಅವನ ಬಾಯಿಗೆ ಗಂಜಿ ಹಿಡಿದಳು. ನಾನು ಕಿಟಕಿಯ ಬಳಿ ನಿಂತಿದ್ದೆ.

"ಕೋಪ ಇದೆಯಾ?" ಎಂದು ಕೇಳಿದ.

"ಇದೆ."

"ಹೂಂ."

"ಹೂಂ ಅಲ್ಲ. ಬಾಯಿ ತೆಗಿ."

ಅವನು ಬಾಯಿ ತೆಗೆದ. ಅದಾಗಿ ಮೂರನೆಯ ದಿನ ಹೋದ.

ಎಲ್ಲ ಮುಗಿದ ಮೇಲೆ ಅಂಗಡಿಗೆ ಹೋದೆ. ಅಕ್ಕನಿಗೆ ಹೇಳಿಬಿಡು ಎಂದು ಅವನಿಗೆ ಅಂದವನು ನಾನು; ಮುಖ ತೋರಿಸಲು ಹಿಂಜರಿಕೆಯಾಗುತ್ತಿತ್ತು. ಅಕ್ಕ ಅವನ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಇಳೀತಾ ಇತ್ತು ಕಣಪ್ಪ ಕೋಪ" ಎಂದಳು. "ಅರ್ಧಕ್ಕರ್ಧ ಇಳಿದಿತ್ತು. ಅವನು ಇನ್ನೊಂದಷ್ಟು ದಿನ ಕಾಯಬಾರ್ದಿತ್ತಾ."