ದೋಣಿಯ ಲಾಸ್ಟ್ ಬೆಂಚು

ಅರವತ್ತೆಂಟರಲ್ಲೂ ಸಾಹಸ ಬಿಡದವರು ನಾವು, ಮೈಸೂರಿನ ಒಂದೇ ಕ್ಲಾಸಿನ ಮೂವರು. ಕೆನಡಾದ ಎಟೋಬಿಕೋಕ್‌ನ ಸರೋವರದಲ್ಲಿ ದೋಣಿ ಹತ್ತುವ ಮೊದಲೇ, "ಕಾವೇರಿ ಪ್ರವಾಹದಲ್ಲಿ ಒಂದೇ ಕೈಯಲ್ಲಿ ಹುಟ್ಟು ಹಾಕಿದವನು ನಾನು" ಎಂದು ಕೊಚ್ಚಿಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹುಟ್ಟು ಮುಟ್ಟಿದ್ದು ಅವತ್ತೇ ಮೊದಲು. ಹಾಗಾಗಿ ಶಾಲೆಯ ಚಾಳಿಯಂತೆ ಓಡಿಹೋಗಿ ಲಾಸ್ಟ್ ಬೆಂಚು ಹಿಡಿದೆ. ಅಲ್ಲಿ ಕೂತವನನ್ನು ಯಾರೂ ಏನೂ ಕೇಳುವುದಿಲ್ಲವಲ್ಲ!

ದೋಣಿ ಬಾಡಿಗೆ ಕೊಡುವ ಹೆಂಗಸು ನಕ್ಕಳು. "ಸರ್, ಹಿಂದೆ ಕೂತವರೇ ಕ್ಯಾಪ್ಟನ್. ದೋಣಿ ತಿರುಗಿಸೋದು ನೀವೇ."

ಮುಂದೆ ಕೂತಿದ್ದ ನಮ್ಮ ಹಳೇ ಮಾನಿಟರ್ ನಾಗರಾಜ, "ನಡೆಸಪ್ಪಾ, ಕಾವೇರಿ ವೀರ!" ಎಂದ.

ಅರ್ಧ ಗಂಟೆ ದೋಣಿ ಒಂದೇ ಜಾಗದಲ್ಲಿ ಗಿರಗಿರ ತಿರುಗಿತು.

"ಲೋ, ಎಲ್ಲಿಗೋ ಹೋಗ್ತಿದೀವಿ?" ಎಂದ ನಡುವೆ ಕೂತಿದ್ದ ಮೂರನೆಯವನು.

"ಪ್ರದಕ್ಷಿಣೆ ಕಣೋ, ಪುಣ್ಯ ಬರುತ್ತೆ" ಎಂದೆ.

ಲಾಸ್ಟ್ ಬೆಂಚಿನವನಿಗೆ ಜವಾಬ್ದಾರಿ ಕೊಡಬಾರದೆಂದು ನಮ್ಮ ಮೇಷ್ಟ್ರಿಗೆ ಗೊತ್ತಿತ್ತು; ಕೆನಡಾದವರಿಗೆ ಗೊತ್ತಿರಲಿಲ್ಲ.